ಮನೆಯಲ್ಲಿ ಸರಳ ಗ್ವಾಕಮೋಲೆ: ಹಣ್ಣಿನ ಹದ, ಅರೆಯುವ ಕ್ರಮ, ಕಪ್ಪಾಗದಂತೆ ಇಡುವ ಬಗೆ

ಒರಳುಕಲ್ಲು (ಚರ್ಚೆ ಆರಂಭಿಸಿದವರು):

ಬೆಣ್ಣೆಹಣ್ಣು ಈಗ ನಮ್ಮ ಪೇಟೆಗಳಲ್ಲಿ ವರ್ಷದ ಬಹುಪಾಲು ತಿಂಗಳು ಸಿಗುತ್ತಿರುವುದರಿಂದ, ಅದರ ತಿರುಳಿನಿಂದ ಮಾಡುವ ಮೆಕ್ಸಿಕೋದ ತಿನಿಸಾದ ಗ್ವಾಕಮೋಲೆಯನ್ನು ಮನೆಯಲ್ಲೇ ಮಾಡುವವರು ಹೆಚ್ಚಾಗಿದ್ದಾರೆ. ಆದರೆ ಹಲವರು ಅನುಸರಿಸುವ ವಿಧಾನಗಳಲ್ಲಿ ಬೆಳ್ಳುಳ್ಳಿ, ಮೊಸರು, ಮೇಯನೇಸ್, ಜೀರಿಗೆ ಪುಡಿ ಎಲ್ಲವೂ ಸೇರಿ, ಕೊನೆಗೆ ಇಡೀ ಮಿಶ್ರಣವನ್ನು ಮಿಕ್ಸಿಯಲ್ಲಿ ತಿರುಗಿಸಿಬಿಡುವುದರಿಂದ, ಹಣ್ಣಿನ ರುಚಿಯೇ ಹಿಂದೆ ಸರಿದುಬಿಡುತ್ತದೆ. ಮಧ್ಯ ಮೆಕ್ಸಿಕೋದ ಮನೆಗಳಲ್ಲಿ ಮಾಡುವ ಗ್ವಾಕಮೋಲೆಗೆ ಬೇಕಾದ ಸಾಮಗ್ರಿ ಬಹಳ ಕಡಿಮೆ. ಅದರ ರುಚಿ ನಿಂತಿರುವುದು ಎರಡೇ ಸಂಗತಿಗಳ ಮೇಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ: ಹಣ್ಣು ಸರಿಯಾದ ಹದಕ್ಕೆ ಬಂದಿರಬೇಕು, ಮತ್ತು ಉಪ್ಪು, ಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿಗಳನ್ನು ಹಣ್ಣಿಗಿಂತ ಮೊದಲು ಅರೆದಿರಬೇಕು.

ನಾನು ಅನುಸರಿಸುವ ಅಳತೆ ಹೀಗಿದೆ. ತಲಾ ಸುಮಾರು 200 ಗ್ರಾಂ ತೂಗುವ ಎರಡು ಹಾಸ್ ತಳಿಯ ಹಣ್ಣುಗಳಿಗೆ ಎರಡು ದೊಡ್ಡ ಚಮಚದಷ್ಟು ಸಣ್ಣಗೆ ಹೆಚ್ಚಿದ ಈರುಳ್ಳಿ, ಒಂದು ಅಥವಾ ಎರಡು ಹಸಿಮೆಣಸಿನಕಾಯಿ, ಅರ್ಧ ಸಣ್ಣ ಚಮಚ ಕಲ್ಲುಪ್ಪು, ಎಳೆಯ ಕಾಂಡಸಹಿತ ಒಂದು ಹಿಡಿ ಕೊತ್ತಂಬರಿ ಸೊಪ್ಪು, ಬೀಜ ಮತ್ತು ನೀರು ತೆಗೆದ ಒಂದು ಚಿಕ್ಕ ಟೊಮೆಟೊ, ಬೇಕಿದ್ದರೆ ಒಂದು ಸಣ್ಣ ಚಮಚ ನಿಂಬೆರಸ. ಈರುಳ್ಳಿಯಲ್ಲಿ ಅರ್ಧವನ್ನೂ ಕೊತ್ತಂಬರಿಯಲ್ಲಿ ಅರ್ಧವನ್ನೂ ಮೆಣಸಿನಕಾಯಿ ಮತ್ತು ಉಪ್ಪಿನೊಡನೆ ಕಲ್ಲಿನ ಕುಟ್ಟಾಣಿಯಲ್ಲಿ ಹಾಕಿ ಅರೆಯಬೇಕು. ಕಲ್ಲುಪ್ಪಿನ ಹರಳುಗಳು ಸೊಪ್ಪನ್ನು ಉಜ್ಜಿ ಹರಿಯುತ್ತವೆ. ಸ್ವಲ್ಪ ಹೊತ್ತಿನಲ್ಲೇ ಈರುಳ್ಳಿಯ ಚೂರುಗಳು ಬಿಳುಪು ಕಳೆದುಕೊಂಡು ನೀರು ಬಿಡತೊಡಗುತ್ತವೆ, ಕಲ್ಲಿನ ತಳದಲ್ಲಿ ಕಡು ಹಸಿರು ರಸ ಕೂಡಿಕೊಳ್ಳುತ್ತದೆ, ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯುತ್ತದೆ. ಅರೆಯುವುದನ್ನು ನಿಲ್ಲಿಸಬೇಕಾದ ಹದ ಅದು. ಅನಂತರ ಹಣ್ಣಿನ ತಿರುಳನ್ನು ಹಾಕಿ, ಅರೆಯದೆ, ಅಲ್ಲಲ್ಲಿ ಗಟ್ಟಿ ಹೋಳುಗಳು ಉಳಿಯುವಂತೆ ಒತ್ತಿ ಮುರಿಯಬೇಕು. ಉಳಿದ ಈರುಳ್ಳಿ, ಸೊಪ್ಪು, ಟೊಮೆಟೊಗಳನ್ನು ಕೊನೆಗೆ ಬೆರೆಸಿದರೆ ಸಾಕು.

ಮೊದಲು ಅರೆಯುವುದಕ್ಕೆ ಕಾರಣವಿದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಅರೆದು ಹೊರತಂದ ಖಾರವು ಹಣ್ಣಿನ ಎಣ್ಣೆಯಂಶದಲ್ಲಿ ಸೇರಿ ಇಡೀ ಬಟ್ಟಲಿಗೆ ಒಂದೇ ಸಮನಾಗಿ ಹರಡುತ್ತದೆ. ಬರಿದೇ ಹೆಚ್ಚಿ ಹಾಕಿದರೆ ಒಂದು ತುತ್ತು ಸಪ್ಪೆ, ಇನ್ನೊಂದು ತುತ್ತು ಉರಿ.

ನಿಮ್ಮ ಅನುಭವ, ಆಕ್ಷೇಪ, ಪ್ರಶ್ನೆಗಳನ್ನು ದಯವಿಟ್ಟು ಬರೆಯಿರಿ.

ಮಳೆಗಾಲದ ಹಣ್ಣು:

ತಾವು ಹೇಳಿದ ಕ್ರಮ ಸ್ಪಷ್ಟವಾಗಿದೆ. ಆದರೆ ತಾವು ಹಾಸ್ ತಳಿಯ ಅಳತೆ ಕೊಟ್ಟಿದ್ದೀರಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ಕೊಡಗಿನ ಹಣ್ಣುಗಳು ದೊಡ್ಡವು, ಹಸಿರು ಸಿಪ್ಪೆಯವು, ಮತ್ತು ಅವುಗಳಲ್ಲಿ ಹಲವು ನೀರುನೀರಾಗಿರುತ್ತವೆ. ಹಾಲು ಸಕ್ಕರೆ ಹಾಕಿ ಜ್ಯೂಸ್ ಮಾಡಲು ಅವು ಚೆನ್ನಾಗಿ ಒದಗುತ್ತವೆ, ಆದರೆ ಗ್ವಾಕಮೋಲೆ ಮಾಡಿದರೆ ಬಟ್ಟಲಿನ ಅಂಚಿನಲ್ಲಿ ನೀರು ನಿಲ್ಲುತ್ತದೆ. ಆಮದಾದ ಹಾಸ್ ಹಣ್ಣಿನ ಬೆಲೆಯನ್ನು ಪ್ರತಿ ಸಲವೂ ಕೊಡುವುದು ನಮ್ಮಂಥವರಿಗೆ ಸಾಧ್ಯವಿಲ್ಲ. ಊರಿನ ಹಣ್ಣಿನಲ್ಲಿ ಇದನ್ನು ಸರಿಯಾಗಿ ಮಾಡಲು ದಾರಿ ಇದೆಯೇ?

ಕಾಫಿ ತೋಟದ ಮನೆ:

ದಾರಿ ಖಂಡಿತ ಇದೆ, ಆದರೆ ಅದು ಹಣ್ಣು ಕೊಳ್ಳುವಾಗಲೇ ಆರಂಭವಾಗಬೇಕು.

ಬೆಣ್ಣೆಹಣ್ಣಿನಲ್ಲಿ ಮೂರು ಮೂಲ ಗುಂಪುಗಳಿವೆ: ಮೆಕ್ಸಿಕನ್, ಗ್ವಾಟೆಮಾಲನ್ ಮತ್ತು ವೆಸ್ಟ್ ಇಂಡಿಯನ್. ಮೊದಲೆರಡು ಮೆಕ್ಸಿಕೋ ಮತ್ತು ಗ್ವಾಟೆಮಾಲಾದ ಎತ್ತರದ ತಂಪು ನೆಲದವು, ಎಣ್ಣೆಯಂಶ ಹೆಚ್ಚು. ಮೂರನೆಯದು ತಗ್ಗು ಪ್ರದೇಶದ ಬಿಸಿಲು ಮತ್ತು ಮಳೆಗೆ ಒಗ್ಗಿದ್ದು, ಹಣ್ಣು ದೊಡ್ಡದು, ಎಣ್ಣೆಯಂಶ ಕಡಿಮೆ, ನೀರು ಹೆಚ್ಚು, ತುಸು ಸಿಹಿ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿರುವ ಹಳೆಯ ಮರಗಳಲ್ಲಿ ಬಹುಪಾಲು ಬೀಜದಿಂದ ಬೆಳೆದವು. ಬೀಜದಿಂದ ಬಂದ ಮರ ತಾಯಿಮರದ ಗುಣವನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲವಾದ್ದರಿಂದ ಒಂದೇ ತೋಟದಲ್ಲಿ ಅಕ್ಕಪಕ್ಕದ ಎರಡು ಮರಗಳ ಹಣ್ಣು ಬೇರೆ ಬೇರೆಯಾಗಿರುತ್ತದೆ. ನಮ್ಮ ತೋಟದಲ್ಲೇ ಒಂದು ಮರದ ಹಣ್ಣು ಚಮಚದಲ್ಲಿ ಎತ್ತಿದರೆ ಆಕಾರ ಬಿಡದೆ ನಿಲ್ಲುತ್ತದೆ, ಇನ್ನೊಂದರದು ಕೆಳಗೆ ಜಾರುತ್ತದೆ. ಆದ್ದರಿಂದ ‘ಕೊಡಗಿನ ಹಣ್ಣು’ ಎಂದು ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸುವುದು ನ್ಯಾಯವಲ್ಲ. ಒಳ್ಳೆಯ ಹಣ್ಣು ಕೊಟ್ಟ ವ್ಯಾಪಾರಿಯನ್ನು ನೆನಪಿಟ್ಟುಕೊಂಡು, ಯಾವ ತೋಟದ್ದು ಎಂದು ಕೇಳಿ, ಅದನ್ನೇ ಮತ್ತೆ ತರಿಸುವಂತೆ ಹೇಳುವುದು ಅತ್ಯುತ್ತಮ ಉಪಾಯ. ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು ಇಂಥ ಸ್ಥಳೀಯ ಮರಗಳಿಂದಲೇ ಆಯ್ದು ತಳಿಗಳನ್ನು ಅಭಿವೃದ್ಧಿಪಡಿಸಿದೆ, ಅರ್ಕಾ ಸುಪ್ರೀಂ ಅವುಗಳಲ್ಲೊಂದು. ಹೀಗೆ ಆಯ್ದ ತಳಿಗಳ ಕಸಿ ಗಿಡಗಳು ತೋಟಗಳಲ್ಲಿ ಹೆಚ್ಚಿದಷ್ಟೂ ಈ ಏರುಪೇರು ತಗ್ಗುತ್ತದೆ.

ಎರಡನೆಯ ಸಂಗತಿ ಕೊಯ್ಲಿನದು. ಕಾಯಿ ಮರದಲ್ಲಿ ಉಳಿದಷ್ಟೂ ಅದರ ಎಣ್ಣೆಯಂಶ ಏರುತ್ತದೆ, ನೀರಿನಂಶ ಇಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹಾಸ್ ಕಾಯಿ ಕೊಯ್ಯಲು ತಿರುಳಿನ ಒಣ ಅಂಶ ಕನಿಷ್ಠ ಶೇ. 20.8ರಷ್ಟಿರಬೇಕೆಂಬ ಮಾನದಂಡವೇ ಇದೆ. ನಮ್ಮಲ್ಲಿ ಮೊದಲ ಮಳೆಗೇ ಬೆಲೆ ಚೆನ್ನಾಗಿದೆಯೆಂದು ಎಳೆಯ ಕಾಯಿಗಳನ್ನು ಕೊಯ್ದು ಕಳಿಸುವುದುಂಟು. ಅವು ಮೆತ್ತಗಾಗುತ್ತವೆ, ಆದರೆ ರುಚಿ ಬರುವುದಿಲ್ಲ, ಸಿಪ್ಪೆ ಸುಕ್ಕುಗಟ್ಟುತ್ತದೆ. ಗ್ವಾಕಮೋಲೆಗೆ ಹಂಗಾಮಿನ ಮೊದಲ ಹಣ್ಣಿಗಿಂತ ಕಡೆಯ ಹಣ್ಣು ಮೇಲು. ಕೆಲವು ಮರಗಳ ಕಾಯಿ ಬಲಿತಾಗ ಒಳಗಿನ ಬೀಜ ಸಡಿಲವಾಗಿ, ಅಲುಗಿಸಿದರೆ ಸದ್ದು ಕೇಳಿಸುತ್ತದೆ. ಎಲ್ಲ ಮರಗಳಲ್ಲೂ ಹೀಗಾಗುವುದಿಲ್ಲ, ಆದರೆ ಆಗುವ ಮರದಲ್ಲಿ ಅದು ನಂಬಬಹುದಾದ ಗುರುತು.

ನೀರಿನಂಶದ ಹಣ್ಣೇ ಕೈಗೆ ಬಂದಿದ್ದರೆ ಟೊಮೆಟೊವನ್ನು ಪೂರ್ತಿ ಬಿಟ್ಟುಬಿಡಿ, ನಿಂಬೆರಸವನ್ನು ಕೆಲವು ಹನಿಗಳಿಗೆ ಇಳಿಸಿ. ತಿರುಳನ್ನು ದೊಡ್ಡ ಹೋಳುಗಳಾಗಿಯೇ ಇಡಿ, ಏಕೆಂದರೆ ಹೆಚ್ಚು ಒತ್ತಿದಷ್ಟೂ ಹೆಚ್ಚು ನೀರು ಬಿಡುತ್ತದೆ. ಉಪ್ಪನ್ನು ಅರೆದ ಮಸಾಲೆಗೆ ಮಾತ್ರ ಹಾಕಿ, ಬಡಿಸುವ ಹೊತ್ತಿಗೆ ಬೆರೆಸಿದರೆ ನೀರು ನಿಲ್ಲುವ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಪೆಸಿಫಿಕ್ ತೀರದ ಕನ್ನಡತಿ:

ಹಾಸ್ ತಳಿಯ ಪ್ರಸ್ತಾಪ ಬಂದಿದ್ದರಿಂದ ಒಂದು ಸಂಗತಿಯನ್ನು ಸೇರಿಸುತ್ತೇನೆ. ಲಾಸ್ ಏಂಜಲೀಸ್ ಬಳಿಯ ಲಾ ಹಾಬ್ರಾ ಹೈಟ್ಸ್‌ನಲ್ಲಿ ರುಡಾಲ್ಫ್ ಹಾಸ್ ಎಂಬ ಅಂಚೆ ನೌಕರರ ಜಮೀನಿನಲ್ಲಿ ಬೀಜದಿಂದ ಆಕಸ್ಮಿಕವಾಗಿ ಹುಟ್ಟಿದ ಒಂದೇ ಮರ ಇಂದಿನ ಎಲ್ಲ ಹಾಸ್ ಮರಗಳ ಮೂಲ. ಅವರು 1935ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಆ ತಾಯಿಮರ ಬೇರುಕೊಳೆ ರೋಗದಿಂದ 2002ರಲ್ಲಿ ಸತ್ತುಹೋಯಿತು, ಆದರೆ ಅದರ ಕಸಿಗಳು ಮೆಕ್ಸಿಕೋದ ಮಿಚೋವಕಾನ್‌ನಿಂದ ಕೀನ್ಯಾದವರೆಗೆ ಹರಡಿವೆ. ಕಸಿಯಿಂದ ಬಂದ ಮರಗಳಾದ್ದರಿಂದಲೇ ಹಾಸ್ ಹಣ್ಣು ಎಲ್ಲಿ ಕೊಂಡರೂ ಹೆಚ್ಚುಕಡಿಮೆ ಒಂದೇ ಗುಣ ತೋರಿಸುತ್ತದೆ. ತೋಟದ ಮನೆಯವರು ಹೇಳಿದ ಕೊಡಗಿನ ಪರಿಸ್ಥಿತಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಮಾಗಿಸುವ ವಿಷಯ. ಬೆಣ್ಣೆಹಣ್ಣು ಮರದಲ್ಲಿರುವಾಗ ಮಾಗುವುದೇ ಇಲ್ಲ. ಕೊಯ್ದ ಮೇಲಷ್ಟೇ ಮಾಗಿಸುವ ಎಥಿಲೀನ್ ಅನಿಲ ಬಿಡುಗಡೆ ಮಾಡಿಕೊಂಡು ಮೆತ್ತಗಾಗುತ್ತದೆ. ಬಲಿತ ಗಟ್ಟಿ ಕಾಯಿಯನ್ನು ಮಾಗಿದ ಬಾಳೆಹಣ್ಣಿನೊಡನೆ ಕಾಗದದ ಚೀಲದಲ್ಲಿಟ್ಟರೆ ಬೇಗ ಹದಕ್ಕೆ ಬರುತ್ತದೆ. ನಮ್ಮ ತಾಯಿ ಬೆಂಗಳೂರಿನಲ್ಲಿ ಅಕ್ಕಿಯ ಡಬ್ಬಿಯಲ್ಲಿ ಹುದುಗಿಸಿಡುತ್ತಾರೆ. ಅನಿಲ ಹೊರಗೆ ಹೋಗದಂತೆ ತಡೆಯುವುದರಿಂದ ಅದೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಗಟ್ಟಿ ಕಾಯಿಯನ್ನು ಮಾತ್ರ ಫ್ರಿಜ್‌ನಲ್ಲಿ ಇಡಬಾರದು, ತಂಪಿನಲ್ಲಿ ಅದರ ತಿರುಳು ಬೂದುಬಣ್ಣಕ್ಕೆ ತಿರುಗಿ ಸರಿಯಾಗಿ ಮಾಗುವುದೇ ಇಲ್ಲ. ಮಾಗಿದ ಮೇಲೆ ಎರಡು ಮೂರು ದಿನ ಫ್ರಿಜ್‌ನಲ್ಲಿಡಬಹುದು.

ಹಾಸ್ ಹಣ್ಣಾದರೆ ಸಿಪ್ಪೆ ಕಪ್ಪು ನೇರಳೆಗೆ ತಿರುಗುತ್ತದೆ, ಹಸಿರು ತಳಿಗಳಲ್ಲಿ ಬಣ್ಣ ನೋಡಿ ಏನೂ ತಿಳಿಯದು. ಅಂಗೈಯಲ್ಲಿಟ್ಟು ತೊಟ್ಟಿನ ಹತ್ತಿರ ಮೃದುವಾಗಿ ಒತ್ತಿದಾಗ ತುಸು ಬಗ್ಗಿದರೆ ಹದ ಸರಿಯಾಗಿದೆ. ಹೊಟ್ಟೆಯ ಭಾಗದಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡುವವರು ಅಂಗಡಿಯವರ ಹಣ್ಣನ್ನೂ ಮುಂದೆ ಕೊಳ್ಳುವವರ ಹಣ್ಣನ್ನೂ ಕೆಡಿಸುತ್ತಾರೆ.

ಹೊಸ ಅಡುಗೆ:

ಕಪ್ಪಾಗುವ ವಿಚಾರವನ್ನು ಯಾರಾದರೂ ವಿವರವಾಗಿ ತಿಳಿಸುವಿರಾ? ಬೀಜವನ್ನು ಬಟ್ಟಲಿನ ನಡುವೆ ಹುದುಗಿಸಿಟ್ಟರೆ ಬಣ್ಣ ಕೆಡುವುದಿಲ್ಲವೆಂದು ಅನೇಕರು ಹೇಳುತ್ತಾರೆ. ಇನ್ನು ಕೆಲವರು ನಿಂಬೆರಸ ಹೆಚ್ಚು ಹಾಕಬೇಕೆನ್ನುತ್ತಾರೆ. ಸಂಜೆ ಬರುವ ಅತಿಥಿಗಳಿಗೆ ಬೆಳಿಗ್ಗೆಯೇ ಮಾಡಿಡಬಹುದೇ?

ಆಹಾರ ರಸಾಯನ:

ಬೀಜದಿಂದ ವಿಶೇಷ ಪ್ರಯೋಜನವಿಲ್ಲ. ಬೀಜದ ಕೆಳಗಿನ ಭಾಗ ಹಸಿರಾಗಿ ಉಳಿಯುವುದು ಅಲ್ಲಿಗೆ ಗಾಳಿ ತಲುಪದ ಕಾರಣ. ಅದೇ ಜಾಗದಲ್ಲಿ ಒಂದು ಚಿಕ್ಕ ಬಟ್ಟಲನ್ನು ಬೋರಲು ಹಾಕಿದರೂ ಅಷ್ಟೇ ಫಲ ಸಿಗುತ್ತದೆ.

ತಿರುಳಿನ ಜೀವಕೋಶಗಳು ಮುರಿದಾಗ ಅವುಗಳಲ್ಲಿ ಬೇರೆ ಬೇರೆಯಾಗಿದ್ದ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಮತ್ತು ಫಿನಾಲ್ ಸಂಯುಕ್ತಗಳು ಒಂದುಗೂಡುತ್ತವೆ. ಗಾಳಿಯ ಆಮ್ಲಜನಕ ಸೇರಿದೊಡನೆ ಫಿನಾಲ್‌ಗಳು ಕ್ವಿನೋನ್‌ಗಳಾಗಿ, ಅವು ಒಂದಕ್ಕೊಂದು ಜೋಡಿಕೊಂಡು ಕಂದು ಬಣ್ಣದ ವಸ್ತುವಾಗುತ್ತವೆ. ಬದನೆಕಾಯಿ, ಸೇಬು ಹೆಚ್ಚಿಟ್ಟಾಗ ನಡೆಯುವುದೂ ಇದೇ. ಇದರಿಂದ ಎರಡು ತೀರ್ಮಾನಗಳಿಗೆ ಬರಬಹುದು. ಹೆಚ್ಚು ಅರೆದಷ್ಟೂ ಹೆಚ್ಚು ಜೀವಕೋಶಗಳು ಮುರಿಯುವುದರಿಂದ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದು ಬೇಗ ಕಪ್ಪಾಗುತ್ತದೆ, ಅದರೊಳಗೆ ಗಾಳಿಯೂ ಸೇರಿಕೊಂಡಿರುತ್ತದೆ. ಎರಡನೆಯದಾಗಿ, ಆಮ್ಲಜನಕವನ್ನು ದೂರವಿಡುವುದೇ ಎಲ್ಲಕ್ಕಿಂತ ಪರಿಣಾಮಕಾರಿ.

ನಿಂಬೆರಸ ಎರಡು ರೀತಿ ಕೆಲಸ ಮಾಡುತ್ತದೆ. ಅದರ ಹುಳಿ ಕಿಣ್ವದ ವೇಗವನ್ನು ತಗ್ಗಿಸುತ್ತದೆ, ಅದರಲ್ಲಿರುವ ಸಿ ಜೀವಸತ್ವ ಕ್ವಿನೋನ್‌ಗಳನ್ನು ಮತ್ತೆ ಬಣ್ಣವಿಲ್ಲದ ರೂಪಕ್ಕೆ ತಿರುಗಿಸುತ್ತದೆ. ಆದರೆ ಆ ಜೀವಸತ್ವ ಖರ್ಚಾದ ಮೇಲೆ ಕಪ್ಪಾಗುವಿಕೆ ಮುಂದುವರಿಯುತ್ತದೆ, ಅಂದರೆ ನಿಂಬೆ ಸಮಯವನ್ನು ಮುಂದಕ್ಕೆ ತಳ್ಳುತ್ತದೆಯೇ ಹೊರತು ಸಮಸ್ಯೆಯನ್ನು ನಿಲ್ಲಿಸುವುದಿಲ್ಲ. ಸಂಜೆಗೆ ಬೇಕಿದ್ದರೆ ಬಟ್ಟಲಿನಲ್ಲಿ ಗ್ವಾಕಮೋಲೆಯನ್ನು ಚಮಚದ ಹಿಂಬದಿಯಿಂದ ಒತ್ತಿ ಗಾಳಿಗುಳ್ಳೆಗಳನ್ನು ಹೊರದೂಡಿ, ಮೇಲ್ಮೈಯನ್ನು ಸಮತಟ್ಟು ಮಾಡಿ, ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಅದರ ಮೈಗೇ ಅಂಟಿಸಬೇಕು. ಬಟ್ಟಲಿನ ಬಾಯಿಗೆ ಮುಚ್ಚಿದರೆ ಸಾಲದು, ನಡುವೆ ಗಾಳಿ ಉಳಿದುಬಿಡುತ್ತದೆ. ಹಾಳೆ ಬೇಡವೆನ್ನುವವರು ಸಮತಟ್ಟಾದ ಮೇಲ್ಮೈಯ ಮೇಲೆ ಒಂದು ಸೆಂಟಿಮೀಟರ್‌ನಷ್ಟು ತಣ್ಣೀರನ್ನು ಮೆಲ್ಲನೆ ಹುಯ್ದು ಫ್ರಿಜ್‌ನಲ್ಲಿಟ್ಟು, ಬಡಿಸುವಾಗ ಬಗ್ಗಿಸಬಹುದು. ಇದು ಗಟ್ಟಿ ಗ್ವಾಕಮೋಲೆಗೆ ಮಾತ್ರ ಹೊಂದುತ್ತದೆ. ಟೊಮೆಟೊ ಮತ್ತು ಉಳಿದ ಕೊತ್ತಂಬರಿಯನ್ನು ಬಡಿಸುವ ಮುನ್ನವೇ ಸೇರಿಸಿ.

ಬಿಸಿ ಮಾಡಿ ಕಿಣ್ವವನ್ನು ಕೊಲ್ಲಬಹುದಲ್ಲ ಎಂದು ಕೆಲವರು ಕೇಳುವುದುಂಟು. ಬೆಣ್ಣೆಹಣ್ಣನ್ನು ಬಿಸಿ ಮಾಡಿದರೆ ಕಹಿಯಾಗುತ್ತದೆ, ಆದ್ದರಿಂದ ಆ ದಾರಿ ಬೇಡ. ಕಾರ್ಖಾನೆಯ ಪೊಟ್ಟಣಗಳಲ್ಲಿ ಬರುವ ಗ್ವಾಕಮೋಲೆಯನ್ನು ಬಿಸಿಯ ಬದಲು ಬಹಳ ಹೆಚ್ಚಿನ ಒತ್ತಡಕ್ಕೆ ಒಳಪಡಿಸಿರುತ್ತಾರೆ.

ಹುಳಿ ಪ್ರಿಯ:

ಮೂಲ ಬರಹದಲ್ಲಿ ನಿಂಬೆರಸವನ್ನು ‘ಬೇಕಿದ್ದರೆ’ ಎಂದು ಬರೆದಿರುವುದನ್ನು ನಾನು ಒಪ್ಪುವುದಿಲ್ಲ. ಕೊಬ್ಬಿನಂಶ ಇಷ್ಟು ಹೆಚ್ಚಿರುವ ತಿನಿಸಿಗೆ ಹುಳಿ ಇಲ್ಲದಿದ್ದರೆ ಎರಡನೆಯ ತುತ್ತಿಗೇ ನಾಲಿಗೆ ಮೊದ್ದಾಗುತ್ತದೆ. ಒಂದು ಹಣ್ಣಿಗೆ ಅರ್ಧ ನಿಂಬೆಯಾದರೂ ಬೇಕು. ಟೊಮೆಟೊವನ್ನು ಬಿಟ್ಟರೂ ನಡೆದೀತು, ನಿಂಬೆಯನ್ನು ಬಿಡುವಂತಿಲ್ಲ.

ಒರಳುಕಲ್ಲು:

ತಮ್ಮ ಮಾತಿನಲ್ಲಿ ಅರ್ಥವಿದೆ, ಆದರೂ ನನ್ನ ನಿಲುವಿಗೆ ಕಾರಣ ಹೇಳುತ್ತೇನೆ. ಈ ತಿನಿಸು ಸ್ಪ್ಯಾನಿಷರು ಬರುವ ಮೊದಲಿನದು. 1521ರಲ್ಲಿ ಅಜ್ಟೆಕ್ ರಾಜಧಾನಿ ಬೀಳುವುದಕ್ಕೆ ಮೊದಲು ಆ ನೆಲದಲ್ಲಿದ್ದದ್ದು ಬೆಣ್ಣೆಹಣ್ಣು, ಮೆಣಸಿನಕಾಯಿ, ಟೊಮೆಟೊ. ನಾವಿಂದು ಬಳಸುವ ಈರುಳ್ಳಿ, ಕೊತ್ತಂಬರಿ, ನಿಂಬೆ ಮೂರೂ ಸ್ಪ್ಯಾನಿಷರೊಂದಿಗೆ ಸಮುದ್ರ ದಾಟಿ ಅಲ್ಲಿಗೆ ಹೋದವು. ಹುಳಿಯ ಕೆಲಸವನ್ನು ಅಲ್ಲಿಯವರೆಗೆ ಟೊಮೆಟೊವೇ ಮಾಡುತ್ತಿದ್ದಿರಬೇಕು ಎಂದು ನಾನು ಊಹಿಸುತ್ತೇನೆ. ಇಂದಿಗೂ ಮೆಕ್ಸಿಕೋದಲ್ಲಿ ನಿಂಬೆ ಹಾಕದೆ ಮಾಡುವವರಿದ್ದಾರೆ. ಒಳ್ಳೆಯ ಹಣ್ಣಿಗೆ ಹೆಚ್ಚು ಹುಳಿ ಹಿಂಡಿದರೆ ಬೀಜದ ಎಣ್ಣೆಯನ್ನು ನೆನಪಿಸುವ ಅದರ ಮೆಲುವಾದ ಪರಿಮಳ ಮುಚ್ಚಿಹೋಗುತ್ತದೆ. ಆದ್ದರಿಂದ ಮೊದಲು ಹಣ್ಣನ್ನು ಹಾಗೆಯೇ ಚಿಟಿಕೆ ಉಪ್ಪಿನೊಡನೆ ರುಚಿ ನೋಡಿ, ಎಷ್ಟು ಹುಳಿ ಬೇಕೆಂದು ಆಮೇಲೆ ನಿರ್ಧರಿಸಬೇಕು ಎನ್ನುತ್ತೇನೆ.

ನಿಂಬೆಯ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ಅಮೆರಿಕದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬೀಜವಿಲ್ಲದ ದೊಡ್ಡ ಪರ್ಷಿಯನ್ ನಿಂಬೆ. ಮೆಕ್ಸಿಕೋದ ಮನೆಗಳಿಗೆ ಅಚ್ಚುಮೆಚ್ಚಿನ ಚಿಕ್ಕ, ತೆಳು ಸಿಪ್ಪೆಯ, ಬೀಜವಿರುವ ನಿಂಬೆಯೂ ವಿಜಯಪುರ ಜಿಲ್ಲೆಯ ಇಂಡಿ ಭಾಗದಲ್ಲಿ ಬೆಳೆಯುವ ಕಾಗ್ಜಿ ನಿಂಬೆಯೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಜಾತಿಗೆ ಸೇರಿದವು. ಆ ಪರಿಮಳ ನಮ್ಮ ಮನೆಯಲ್ಲೇ ಇದೆ. ರಸ ಹೆಚ್ಚು ತೀಕ್ಷ್ಣವಾದ್ದರಿಂದ ಅಳತೆ ಮಾತ್ರ ಕಡಿಮೆ ಇರಬೇಕು.

ಕಡಕ್ ರೊಟ್ಟಿ:

ನಮ್ಮ ಮನೆಯಲ್ಲಿ ಕುಟ್ಟಾಣಿ ಇಲ್ಲ, ಬಾಡಿಗೆ ಮನೆ ಬದಲಿಸುವಾಗಲೆಲ್ಲ ಕಲ್ಲು ಹೊತ್ತು ಸಾಗುವುದು ಕಷ್ಟ. ಮಣೆಯ ಮೇಲೆಯೇ ಚಾಕುವಿನಿಂದ ಮಾಡಬಹುದೇ? ಮೆಕ್ಸಿಕೋದಲ್ಲಿ ಬಳಸುವ ಕಲ್ಲಿಗೂ ನಮ್ಮ ಕಲ್ಲಿಗೂ ವ್ಯತ್ಯಾಸವೇನು? ಜೋಳದ ಕಡಕ್ ರೊಟ್ಟಿಯನ್ನು ಮುರಿದು ಗ್ವಾಕಮೋಲೆಯಲ್ಲಿ ಅದ್ದಿ ತಿಂದರೆ ಬಹಳ ಚೆನ್ನಾಗಿರುತ್ತದೆ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ. ಎಣ್ಣೆಯಲ್ಲಿ ಕರಿದ ಚಿಪ್ಸ್‌ನ ಉಪ್ಪು ಇಲ್ಲದ್ದರಿಂದ ಹಣ್ಣಿನ ರುಚಿ ಇನ್ನಷ್ಟು ಸ್ಪಷ್ಟವಾಗುತ್ತದೆ.

ಒರಳುಕಲ್ಲು:

ಮಣೆಯ ಮೇಲೆ ಖಂಡಿತ ಮಾಡಬಹುದು. ಎಲ್ಲವನ್ನೂ ಬಹಳ ಸಣ್ಣಗೆ ಹೆಚ್ಚಿ, ಮೇಲೆ ಕಲ್ಲುಪ್ಪು ಉದುರಿಸಿ, ಅಗಲವಾದ ಚಾಕುವಿನ ಪಕ್ಕೆಯಿಂದ ಒತ್ತಿ ಎಳೆದರೆ ತೇವದ ಮುದ್ದೆಯಾಗುತ್ತದೆ. ಮೆಕ್ಸಿಕೋದ ಮೊಲ್ಕಹೇತೆ ಮೂರು ಕಾಲಿನ ಒರಳು. ಜ್ವಾಲಾಮುಖಿಯ ಬಸಾಲ್ಟ್ ಕಲ್ಲಿನಲ್ಲಿ ಕೆತ್ತಿರುವುದರಿಂದ ಮೈತುಂಬ ಸಣ್ಣ ರಂಧ್ರಗಳಿರುತ್ತವೆ, ಆ ಒರಟುತನವೇ ಸೊಪ್ಪನ್ನು ಹಿಡಿದು ಹರಿಯುತ್ತದೆ. ಹೊಸ ಕಲ್ಲನ್ನು ಬಳಸುವ ಮೊದಲು ಅಕ್ಕಿ ಹಾಕಿ, ಹುಡಿ ಬಿಳಿಯಾಗಿ ಬರುವವರೆಗೆ ಮತ್ತೆ ಮತ್ತೆ ಅರೆದು ಪಳಗಿಸುತ್ತಾರೆ. ನಮ್ಮ ಗ್ರಾನೈಟ್ ಕುಟ್ಟಾಣಿ ಹೆಚ್ಚು ನುಣುಪಾದ್ದರಿಂದ ತುಸು ಹೆಚ್ಚು ಹೊತ್ತು ಬೇಕಾಗುತ್ತದೆ, ಕಲ್ಲುಪ್ಪು ಆ ಕೊರತೆಯನ್ನು ತುಂಬುತ್ತದೆ.

ಗ್ವಾದಲಹಾರಾದಲ್ಲಿ ಕೆಲಸದಲ್ಲಿದ್ದವನು:

ಕೆಲಸದ ನಿಮಿತ್ತ ಮೆಕ್ಸಿಕೋದ ಗ್ವಾದಲಹಾರಾದಲ್ಲಿ ಕೆಲ ಕಾಲ ಇದ್ದೆ. ಅಲ್ಲಿ ಗ್ವಾಕಮೋಲೆಗೆ ಒಂದೇ ವಿಧಾನವಿದೆಯೆಂದು ಭಾವಿಸಬಾರದು. ಬೀದಿಯ ಟಾಕೋ ಅಂಗಡಿಗಳಲ್ಲಿ ಇಡುವುದು ತೆಳುವಾದ ಹಸಿರು ಸಾಸ್. ಅದರಲ್ಲಿ ಬೆಣ್ಣೆಹಣ್ಣಿನೊಡನೆ ಸಿಪ್ಪೆಯ ಗೂಡಿನೊಳಗೆ ಬೆಳೆಯುವ ಹುಳಿಯ ತೊಮಾತಿಯೋ ಕಾಯಿ ಮತ್ತು ಸೆರ್ರಾನೋ ಮೆಣಸು ಸೇರಿಸಿ ರುಬ್ಬಿರುತ್ತಾರೆ. ಗ್ವಾನಾಹ್ವಾತೋ ಪ್ರಾಂತ್ಯದಲ್ಲಿ ಹಣ್ಣಿನ ಕಾಲಕ್ಕೆ ದಾಳಿಂಬೆ ಕಾಳು, ದ್ರಾಕ್ಷಿ, ಪೀಚ್ ಹಣ್ಣಿನ ಚೂರುಗಳನ್ನು ಬೆರೆಸುವ ರೂಢಿಯೂ ಇದೆ. ದಾಳಿಂಬೆ ನಮ್ಮಲ್ಲೂ ಹೇರಳವಾಗಿರುವುದರಿಂದ ಒಮ್ಮೆ ಮಾಡಿ ನೋಡಿರೆಂದು ಒತ್ತಿ ಹೇಳುತ್ತೇನೆ. 2019ರಲ್ಲಿ ಬೆಣ್ಣೆಹಣ್ಣಿನ ಬೆಲೆ ಏರಿದಾಗ ಕೆಲವು ಟಾಕೋ ಅಂಗಡಿಯವರು ಎಳೆಯ ಸೋರೆಯಂಥ ಕಲಬಸೀತಾ ಕಾಯಿಯನ್ನು ತೊಮಾತಿಯೋ ಮತ್ತು ಮೆಣಸಿನೊಡನೆ ರುಬ್ಬಿ ಹಣ್ಣಿಲ್ಲದೆಯೇ ಅದೇ ಬಣ್ಣದ ಸಾಸ್ ಮಾಡಿದ್ದು ಸುದ್ದಿಯಾಗಿತ್ತು.

ಮೆಣಸಿನಕಾಯಿಯ ಬಗ್ಗೆ ಒಂದು ಎಚ್ಚರಿಕೆ: ಮೆಕ್ಸಿಕೋದ ಹಲಪೇನ್ಯೋ ಮೆಣಸಿನ ಖಾರ 2,500ರಿಂದ 8,000 ಸ್ಕೋವಿಲ್ ಮಾನದಷ್ಟು, ಸೆರ್ರಾನೋ ಅದಕ್ಕಿಂತ ಹೆಚ್ಚು. ನಮ್ಮ ತೆಳ್ಳನೆಯ ಹಸಿಮೆಣಸು ಹಲವು ಸಲ ಸೆರ್ರಾನೋವನ್ನೂ ಮೀರಿಸುತ್ತದೆ, ಮಲೆನಾಡಿನ ಸೂಜಿಮೆಣಸಂತೂ ಬೇರೆಯದೇ ಮಟ್ಟದ್ದು. ಆ ಕಡೆಯ ಅಳತೆಯಲ್ಲಿ ಎರಡು ಎಂದಿದ್ದರೆ ಇಲ್ಲಿ ಒಂದರಿಂದ ಆರಂಭಿಸುವುದು ಲೇಸು.

ಕಾಫಿ ತೋಟದ ಮನೆ:

ಸುರಕ್ಷತೆಯ ಕುರಿತು ಎರಡು ಮಾತು ಅಗತ್ಯವೆನಿಸುತ್ತದೆ. ಹಣ್ಣನ್ನು ಅಂಗೈಯಲ್ಲಿ ಹಿಡಿದು ಬೀಜಕ್ಕೆ ಚಾಕು ಹೊಡೆದು ತೆಗೆಯುವ ದೃಶ್ಯಗಳನ್ನು ನೋಡಿ ಅನುಕರಿಸಬೇಡಿ. ಚಾಕು ಜಾರಿ ಅಂಗೈಯ ನರಗಳಿಗೆ ಪೆಟ್ಟಾಗುವುದು ಸಾಮಾನ್ಯ ಸಂಗತಿ. ಹಣ್ಣನ್ನು ಮಣೆಯ ಮೇಲೆ ಇಟ್ಟು ಸುತ್ತಲೂ ಕೊಯ್ದು, ಎರಡು ಹೋಳುಗಳನ್ನು ತಿರುಚಿ ಬಿಡಿಸಿ, ಬೀಜವನ್ನು ಚಮಚದಿಂದ ಎಬ್ಬಿಸಿದರೆ ಸಾಕು. ಇನ್ನೊಂದು, ಉಳಿದ ಸಿಪ್ಪೆ, ಎಲೆ, ಬೀಜಗಳನ್ನು ಮೇಕೆ, ಮೊಲ, ಸಾಕುಹಕ್ಕಿಗಳಿಗೆ ಹಾಕಬೇಡಿ. ಅವುಗಳಲ್ಲಿರುವ ಪರ್ಸಿನ್ ಎಂಬ ವಸ್ತು ಆ ಪ್ರಾಣಿಗಳಿಗೆ ವಿಷ, ಹಕ್ಕಿಗಳಿಗಂತೂ ತಿರುಳೂ ಅಪಾಯಕಾರಿ.

ಹೊಸ ಅಡುಗೆ:

ಎಲ್ಲರಿಗೂ ಕೃತಜ್ಞತೆಗಳು. ಕೊನೆಯದಾಗಿ ಒಂದು ಪ್ರಶ್ನೆ: ಸುಮಾರು ಇಪ್ಪತ್ತು ಜನರಿಗೆ ಮಾಡುವಾಗ ಅಳತೆಯನ್ನು ನೇರವಾಗಿ ಹೆಚ್ಚಿಸಿದರೆ ಸಾಕೇ?

ಒರಳುಕಲ್ಲು:

ಹಣ್ಣನ್ನು ನೇರವಾಗಿ ಹೆಚ್ಚಿಸಿ. ಬೇರೆ ತಿನಿಸುಗಳೂ ಇದ್ದರೆ ಇಬ್ಬರಿಗೆ ಒಂದು ಹಣ್ಣಿನಂತೆ ಹತ್ತು ಹಣ್ಣು ಸಾಕಾಗುತ್ತದೆ. ಮೆಣಸಿನಕಾಯಿ ಮತ್ತು ಉಪ್ಪನ್ನು ಮಾತ್ರ ಲೆಕ್ಕದ ಮುಕ್ಕಾಲು ಪಾಲಿನಷ್ಟು ಹಾಕಿ, ಬೆರೆಸಿದ ಮೇಲೆ ರುಚಿ ನೋಡಿ ಸೇರಿಸಿ. ಅರೆದ ಮಸಾಲೆಯನ್ನು ಬೆಳಿಗ್ಗೆಯೇ ಮಾಡಿ ಮುಚ್ಚಿ ಫ್ರಿಜ್‌ನಲ್ಲಿಡಬಹುದು, ಅದು ಕೆಡುವುದಿಲ್ಲ. ಹತ್ತು ಹಣ್ಣುಗಳೂ ಒಂದೇ ದಿನ ಹದಕ್ಕೆ ಬರುವುದು ಅಪರೂಪವಾದ್ದರಿಂದ ನಾಲ್ಕೈದು ದಿನ ಮೊದಲೇ ಗಟ್ಟಿ ಕಾಯಿಗಳನ್ನು ತಂದು, ಮೊದಲು ಮಾಗಿದವನ್ನು ಫ್ರಿಜ್‌ಗೆ ಸೇರಿಸುತ್ತ ಉಳಿದವಕ್ಕೆ ಕಾಯಬೇಕು. ಎರಡು ಹಣ್ಣು ಹೆಚ್ಚಿಗೆ ತನ್ನಿ, ಕೊಯ್ದಾಗ ಒಂದಾದರೂ ಒಳಗೆ ನಾರು ಕಪ್ಪಾಗಿರುವುದುಂಟು. ಅತಿಥಿಗಳು ಬಂದು ಕುಳಿತ ಮೇಲೆ ಹಣ್ಣು ಬಿಡಿಸಿ ಮಸಾಲೆಗೆ ಬೆರೆಸಿದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯದು, ಆಗ ಕಪ್ಪಾಗುವ ಚಿಂತೆಯೂ ಇರುವುದಿಲ್ಲ.